ಮೂರನೇ ಮಹಡಿಯ ತಿರುವು

"ಇನ್ನೊಂಚೂರು ಓರೆ ಮಾಡಿ" ಎಂದ ದೊಡ್ಡಪ್ಪ, ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗದೆಯೇ.

ಓರೆ ಮಾಡಿದರು. ಶವಪೆಟ್ಟಿಗೆಯ ಒಂದು ಮೂಲೆ ಗೋಡೆಯ ಸುಣ್ಣ ಕೆರೆಯಿತು, ಇನ್ನೊಂದು ಮೆಟ್ಟಿಲಿನ ಕಂಬಿಗೆ ಕಚ್ಚಿಕೊಂಡಿತು. ಒಳಗೆ ಅಪ್ಪ ದೊಪ್ಪೆಂದು ಪಕ್ಕಕ್ಕೆ ಸರಿದ ಸದ್ದಾಯಿತು. ಮೇಲ್ತುದಿ ಹಿಡಿದಿದ್ದ ಮಗಳು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡಳು. ನಲವತ್ತು ವರ್ಷ ಊರವರ ಬೀರು, ಮಂಚಗಳನ್ನು ಒಂದು ಗೀರೂ ಬೀಳದ ಹಾಗೆ ಇಳಿಸಿದ ಮನುಷ್ಯ ತನ್ನದೇ ಮನೆಯ ಮೆಟ್ಟಿಲಲ್ಲಿ ಅರ್ಧ ಗಂಟೆಯಿಂದ ಸಿಕ್ಕಿಬಿದ್ದಿದ್ದ.

ಪೆಟ್ಟಿಗೆ ದೊಡ್ಡಪ್ಪನ ಆಯ್ಕೆ. ಹಿತ್ತಾಳೆಯ ಹಿಡಿ, ಒಳಗೆ ಮೆತ್ತೆ, ಅಂಗಡಿಯಲ್ಲಿದ್ದದ್ದರಲ್ಲೇ ಅಗಲವಾದದ್ದು. ತಮ್ಮ ಬದುಕಿದ್ದಾಗ ವರ್ಷಕ್ಕೊಮ್ಮೆಯೂ ಇತ್ತ ತಲೆ ಹಾಕದವನಿಗೆ ಈಗ ಪ್ರೀತಿ ಉಕ್ಕಿ ಹರಿದಿತ್ತು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಹತ್ತಿಸಿದ್ದರು. ಇಳಿಸುವಾಗ ಅದು ಮಲಗಿರಬೇಕು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಹನ್ನೆರಡು ವರ್ಷದಿಂದ ಅಪ್ಪನ ಲಾರಿ ಓಡಿಸುತ್ತಿದ್ದ ಅವಳಿಗೂ ಹೊಳೆಯಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನೆಟ್ಟಗೆ ನಿಲ್ಲಿಸಿಬಿಡೋಣ" ಎಂದ ದೊಡ್ಡಪ್ಪ. "ಪಟ್ಟಿ ಬಿಗಿದ್ರೆ ಆಯ್ತು. ಒಳಗಿರೋನಿಗೆ ಏನು ಗೊತ್ತಾಗುತ್ತೆ?"

ಬಿಸ್ಕತ್ತಿನ ಪುಡಿ ಮುಚ್ಚಳದ ಮೇಲೆ ಉದುರಿತು. ಕೆಳತುದಿ ಹಿಡಿದಿದ್ದವನು ಉದ್ದಣ್ಣ. ಅಪ್ಪನ ಜೊತೆ ಇಪ್ಪತ್ತೈದು ವರ್ಷ ಭಾರ ಹೊತ್ತವನು ಅವನು. ಎತ್ತರದ ಆಳೆಂದು ಯಾವಾಗಲೂ ಕೆಳತುದಿ ಅವನದೇ.

"ಕಂಬಿ ಕಳಚಲಾ ಮರೀ?" ಎಂದಷ್ಟೇ ಕೇಳಿದ.

*

ಅವಳಿಗೆ ಹದಿನೇಳು ವರ್ಷವಿದ್ದಾಗ ಒಬ್ಬ ಡಾಕ್ಟರ ದೊಡ್ಡ ಮೇಜು ಇಳಿಸಬೇಕಿತ್ತು. ಅಪ್ಪ ಭಾನುವಾರವಿಡೀ ನೋಟ್‌ಬುಕ್ಕಿನಲ್ಲಿ ಮೆಟ್ಟಿಲು ಬರೆದ, ಅಳೆದ, ಹಗ್ಗ ರಾಟೆ ಹಲಗೆಗಳನ್ನೆಲ್ಲ ಕೂಡಿ ಕಳೆದ. ಸಂಜೆಗೆ ಎಲ್ಲ ಹೊಡೆದುಹಾಕಿ ಮೇಜಿನ ಮೂರು ಕಾಲು ಬಿಚ್ಚಿದ.

"ಇಷ್ಟಕ್ಕೆ ಇಷ್ಟೊಂದು ಒದ್ದಾಟನಾ? ಕಾಲು ಬಿಚ್ಚು ಅಂತ ನಾನೇ ಹೇಳ್ತಿದ್ನಲ್ಲ" ಎಂದಳು ಅವಳು.

"ಹೇಳ್ತಿದ್ದೆ. ಯಾವ ಕಾಲು ಬಿಚ್ಚಬಾರದು ಅಂತ ಗೊತ್ತಾಗ್ತಿರಲಿಲ್ಲ, ಅಷ್ಟೆ."

ಆಗೆಲ್ಲ ಅಪ್ಪನ ನೋಟ್‌ಬುಕ್ಕಿನಲ್ಲಿ ಒಂದು ಮನೆಗೆ ಹತ್ತು ಪುಟ ತುಂಬುತ್ತಿತ್ತು. ಕೊನೆಕೊನೆಗೆ ಒಂದೇ ಸಾಲು.

*

ಅವಳು ಮೆಟ್ಟಿಲ ಮೇಲೆ ಕೂತಳು.

"ಕೂರೋ ಹೊತ್ತಾ ಇದು? ಕೆಳಗೆ ಜನ ಕಾಯ್ತಿದಾರೆ" ಎಂದ ದೊಡ್ಡಪ್ಪ.

ಕಂಬಿ ಬೆಸುಗೆ ಹಾಕಿದ್ದು, ಬರುವುದಿಲ್ಲ. ಕಿಟಕಿ ಸಾಲದು. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿದರೆ ಅಪ್ಪ ಬೀದಿಯವರ ಕಣ್ಣೆದುರು ತೂಗಾಡಬೇಕು. ಒಂದೊಂದನ್ನೇ ಮನಸ್ಸಿನಲ್ಲಿ ಪೂರ್ತಿ ಮಾಡಿ ನೋಡಿ ಕೈಬಿಟ್ಟಳು. ಆಮೇಲೆ ಎದ್ದಳು.

"ವಾಪಸ್ ಮೇಲಕ್ಕೆ ತಗೊಳ್ಳಿ."

ಕೋಣೆಯಲ್ಲಿ ಅವಳು ಮುಚ್ಚಳ ತೆಗೆದಾಗ ದೊಡ್ಡಪ್ಪ ಅವಳ ಕೈ ಹಿಡಿದ. "ಹೆಣಾನ ಕೈಯಲ್ಲಿ ಹೊತ್ಕೊಂಡು ಇಳೀತೀಯಾ? ಮರ್ಯಾದೆ ಬೇಡ್ವಾ?"

ಆ ಕೈ ಬೆಣ್ಣೆ ಬಿಸ್ಕತ್ತಿನ ಜಿಡ್ಡಿನಿಂದ ಅಂಟುತ್ತಿತ್ತು. ಅವಳು ಅದನ್ನು ಬಿಡಿಸಿಕೊಂಡು ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ನಮ್ಮಪ್ಪ ಜೀವಮಾನ ಪೂರ್ತಿ ಕೈಯಲ್ಲೇ ಹೊತ್ತಿದ್ದು ದೊಡ್ಡಪ್ಪ. ನೀವು ಖಾಲಿ ಪೆಟ್ಟಿಗೆ ನೆಟ್ಟಗೆ ತಗೊಂಡು ಬನ್ನಿ."

ತೀರಿಕೊಂಡು ಎರಡು ದಿನವಾಗಿತ್ತು. ಮೈಯ ಬಿಗಿ ಸಡಿಲಿತ್ತು. ಅವರು ಅಪ್ಪನನ್ನು ದಪ್ಪ ದುಪ್ಪಟಿಯಲ್ಲಿ ಸುತ್ತಿದರು. ಉದ್ದಣ್ಣ ಕಾಲು ಹಿಡಿದ, ಅವಳು ಭುಜ. ತಿರುವಿನಲ್ಲಿ ಅಪ್ಪ ಮೆಟ್ಟಿಲಿನ ಜೊತೆಗೇ ಬಾಗಿದ. ತಲೆ ಅವಳ ಎದೆಗೆ ಒರಗಿತು.

ಹಿಮ್ಮುಖವಾಗಿ ಇಳಿಯುವವನಿಗೆ ಮೆಟ್ಟಿಲು ಕಾಣುವುದಿಲ್ಲ, ಮೇಲಿನವರೇ ಹೇಳಬೇಕು. ಇಪ್ಪತ್ತೈದು ವರ್ಷ ಅದನ್ನು ಅಪ್ಪ ಹೇಳುತ್ತಿದ್ದ. ಉದ್ದಣ್ಣ ಒಂದು ಕಾಲನ್ನು ಗಾಳಿಯಲ್ಲಿ ಚಾಚಿ, ಹೆಗಲ ಮೇಲಿಂದ ತಿರುಗಿ ನೋಡದೆ, ಸುಮ್ಮನೆ ಕಾಯುತ್ತ ನಿಂತ.

"ಇನ್ನೊಂದಿದೆ" ಎಂದಳು ಅವಳು.

ಅವನು ಕಾಲಿಟ್ಟ.