ಕಬ್ಬಿಣವಿಲ್ಲದ ಪೆಟ್ಟಿಗೆ

ಕಿನು ಪೆಟ್ಟಿಗೆಯನ್ನು ಚಾಪೆಯ ಮೇಲೆ ಮಗುಚಿ, ಮೊಣಕಾಲಿನಿಂದ ಅದುಮಿ ಹಿಡಿದು, ಇಕ್ಕಳದಿಂದ ಮೊದಲ ಮೊಳೆಯ ತಲೆ ಕಚ್ಚಿ ಎಳೆದಳು. ಕಪ್ಪು ಉಡುಪಿನ ನೆಂಟರು ಧೂಪ ಹಚ್ಚುವುದನ್ನು ಬಿಟ್ಟು ನೋಡಿದರು. ಆಚೆ, ತೆರೆದ ಶವಪೆಟ್ಟಿಗೆಯಲ್ಲಿ, ಅವಳ ಗಂಡ ಬಡಗಿ ತೊಕುಜಿ ಮಲಗಿದ್ದ.

ಮೂರು ದಿನದ ಹಿಂದೆ ಮಿಸೊ ಸಾರು ಕುಡಿಯುತ್ತ ಕೂತಲ್ಲೇ ಒರಗಿಬಿಟ್ಟಿದ್ದ. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ. ಎಪ್ಪತ್ತೊಂದರಲ್ಲೂ ಮನೆಗಳ ಮಾಡು ಹತ್ತುತ್ತಿದ್ದ ಆಳು ಹೀಗೆ ಹೋಗುವುದುಂಟೆ ಎಂದು ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಅವನು ಕಡೆಯದಾಗಿ ಮಾಡಿದ ಹತಾರ ಪೆಟ್ಟಿಗೆ ಅವನ ಜೊತೆಗೇ ಹೋಗಬೇಕು, ಅಷ್ಟೇ ಅವಳ ಹಟ. ಕಬ್ಬಿಣವನ್ನು ಚಿತಾಗಾರದವರು ಒಳಗೆ ಬಿಡುವುದಿಲ್ಲ, ಮೊಳೆ ಕಿತ್ತುಕೊಡಿ ಎಂದು ಅಂತ್ಯಕ್ರಿಯೆಯ ಏರ್ಪಾಟಿನವನು ತಲೆಬಾಗಿ ಹೇಳಿದ್ದ. ನಲವತ್ತೈದು ವರ್ಷ ಬಡಗಿಯ ಜೊತೆ ಬಾಳಿದವಳಿಗೆ ಮೊಳೆ ಕೀಳುವುದು ಯಾವ ಮಹಾ ಕೆಲಸ!

ಮೊಳೆಯ ತಲೆ ಇಕ್ಕಳದ ಬಾಯಲ್ಲಿ ಪುಡಿಯಾಯಿತು. ಎರಡನೆಯದೂ ಹಾಗೇ. ಬೆರಳಿಗೆ ಶಾಯಿ ಹತ್ತಿತು. ಒಳಗಿಂದ ನಾರುನಾರಾಗಿ ಎದ್ದು ಬಂದದ್ದು ಬಿದಿರು.

*

ಹೋದ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ಅವನು ಈ ಪೆಟ್ಟಿಗೆಗೆ ಕೈ ಹಚ್ಚಿದ್ದ. ದೇವದಾರಿನ ಹಲಗೆಯ ಮೇಲೆ ಕೀಸುಳಿಯನ್ನು ತನ್ನತ್ತ ಎಳೆದಂತೆಲ್ಲ ತೆಳ್ಳನೆ ಸುರುಳಿ ಅವನ ಮಡಿಲಿಗೆ ಬೀಳುತ್ತಿತ್ತು.

"ಇದೇನ್ರೀ ಇಷ್ಟು ಗಿಡ್ಡ? ಗರಗಸಾನೇ ಹಿಡಿಸಲ್ಲ."

"ಗರಗಸ ಇಡಕ್ಕಲ್ಲ."

"ಮತ್ತೆ? ಉಪ್ಪಿನಕಾಯಿ ಹಾಕ್ತೀರಾ?"

ಅವನು ನಕ್ಕಿದ್ದ. ಕಬ್ಬಿಣದ ಮೊಳೆ ಹೊಡೆಯದ ಹತಾರ ಪೆಟ್ಟಿಗೆ ಮಿಠಾಯಿ ಡಬ್ಬಿಗೆ ಸಮ ಎಂದು ಜೀವಮಾನವೆಲ್ಲ ಊರಿಗೆ ಹೇಳಿಕೊಂಡು ಬಂದವನು. ಆ ದಿನ ಮೊಳೆ ಹೊಡೆಯುವ ಹೊತ್ತಿಗೆ ಮಾತ್ರ ಚಹಾ ಬೇಕೆಂದು ಅವಳನ್ನು ಒಳಗೆ ಅಟ್ಟಿದ್ದ.

*

ಮೂವತ್ತೆರಡು ಮೊಳೆಗಳನ್ನೂ ಅವಳು ಉಗುರಿನಿಂದ ಕೆರೆದು ನೋಡಿದಳು. ಎಲ್ಲಕ್ಕೂ ಅವನು ಕಪ್ಪು ಬಳಿದು ಕಬ್ಬಿಣದಂತೆ ಕಾಣುವ ಹಾಗೆ ಮಾಡಿದ್ದ. ಉರಿಯಲು ಒಂದೂ ತಕರಾರಿಲ್ಲದ ಪೆಟ್ಟಿಗೆ. ತನ್ನ ಜೊತೆ ಸುಡಲೆಂದೇ ಮಾಡಿದ್ದು.

ಗಂಡನ ಜೊತೆ ಮೊದಲಿನಿಂದ ದುಡಿದ ಇಸಾಮು ಗೋಡೆಗೆ ಅಂಟಿಕೊಂಡು ನೆಲ ನೋಡುತ್ತಿದ್ದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತಿಗೆ. ಎದೇಲಿ ರಕ್ತನಾಳ ಊದಿದೆ, ಯಾವತ್ತು ಬೇಕಾದ್ರೂ ಒಡೀಬಹುದು ಅಂದಿದ್ರಂತೆ ಡಾಕ್ಟರು. ಆಪರೇಷನ್ ಬೇಡ ಅಂದ. ನಿಮಗೆ ಹೇಳಿದ್ರೆ ದಿನಾ ತನ್ನ ಮುಖ ನೋಡ್ತಾ ಕೂತುಬಿಡ್ತೀರಿ ಅಂತ ನನ್ನ ಬಾಯಿ ಕಟ್ಟಿದ್ದ."

"ಕೂತಿರ್ತಿದ್ದೆ. ಏನಾಗ್ತಿತ್ತು?"

ಕಿನು ಎದ್ದು ಪೆಟ್ಟಿಗೆಯನ್ನು ಗಂಡನ ಪಾದದ ಆಚೆ ಇಳಿಸಿದಳು. ಹೆಬ್ಬೆರಳಿನಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ತನ್ನ ಶವಪೆಟ್ಟಿಗೆಯ ಅಳತೆಯನ್ನು ಎಂದೋ ತೆಗೆದಿಟ್ಟುಕೊಂಡು, ಅದಾದ ಮೇಲೂ ದಿನಕ್ಕೆ ಮೂರು ಹೊತ್ತು ಎದುರಿಗೆ ಕೂತು ಉಂಡಿದ್ದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಕಬ್ಬಿಣವಿಲ್ಲ ಅಂದ ಮೇಲೆ ಧಾರಾಳವಾಗಿ ಇಡಬಹುದು ಎಂದು ಏರ್ಪಾಟಿನವನು ಹೇಳಿದ.

"ಬೇಡ," ಎಂದು ಅವಳು ಪೆಟ್ಟಿಗೆಯನ್ನು ಮೇಲೆತ್ತಿಕೊಂಡಳು. "ಹೇಳದೆ ಹೋದೋರು ಬರಿಗೈಲೇ ಹೋಗ್ಲಿ."

ನೆಂಟರು ಸಾಲಾಗಿ ಬಂದು ಹೂವಿಟ್ಟರು. ಎದೆ, ತೋಳು, ಮೊಣಕಾಲು ಬಿಳಿ ಸೇವಂತಿಗೆಯಲ್ಲಿ ಮುಚ್ಚಿಹೋದವು. ಪಾದದ ಆಚೆ ಒಂದು ಪೆಟ್ಟಿಗೆಯಷ್ಟು ಜಾಗ ಖಾಲಿ ಉಳಿಯಿತು. ಅದನ್ನು ತುಂಬಲು ಬಂದ ಒಂದೊಂದು ಕೈಯನ್ನೂ ಕಿನು ಹಿಡಿದು ತಡೆದಳು.