ಜನರಲ್ ರಾಡೆಲೋಫ್ ಶಸ್ತ್ರ ಕೆಳಗಿಟ್ಟ ದಿನ

2005ರ ಜನವರಿಯಲ್ಲಿ ನಿಕಿತಾ ಇರಾಕಿಗೆ ಹೋದ ಮೇಲೆ ಪ್ರೇಮಾವತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗಳು ಅಮೆರಿಕದ ಸೈನ್ಯದಲ್ಲಿ ಲೆಫ್ಟಿನೆಂಟ್. ಸಾಮಾನು ತುಂಬಿದ ಲಾರಿಗಳ ಸಾಲನ್ನು ಒಂದು ಶಿಬಿರದಿಂದ ಇನ್ನೊಂದಕ್ಕೆ ಮುಟ್ಟಿಸುವುದು ಅವಳ ಕೆಲಸ. ಅಮೆರಿಕದ ರಾಕ್‌ವಿಲ್‌ನ ಮನೆಯಲ್ಲಿ ತಾಯಿ ಒಲೆಯ ಮೇಲೆ ಸಾರಿಟ್ಟು ಮಹಡಿ ಹತ್ತುವಳು, ಯಾಕೆ ಹತ್ತಿದೆನೆಂದು ಮರೆತು ಇಳಿಯುವಳು. ಗಂಡ ಗುರುಪ್ರಸಾದ್ ಈ ವಿಷಯವನ್ನೇ ಎತ್ತುತ್ತಿರಲಿಲ್ಲ. ಆಫೀಸಿನಿಂದ ಬಂದವನು ಗುಡಿಸಿದ ಗ್ಯಾರೇಜನ್ನೇ ಮತ್ತೆ ಗುಡಿಸುತ್ತಿದ್ದ.

ಬೆಂಗಳೂರಿನಲ್ಲಿ ಓದುವಾಗ ಕಲಿತ ಜರ್ಮನ್ ಭಾಷೆ ಪ್ರೇಮಾವತಿಗೆ ಅನ್ನ ಕೊಟ್ಟಿತ್ತು. ಔಷಧ ಕಂಪನಿಗಳ ವರದಿಗಳನ್ನು ಅನುವಾದ ಮಾಡುತ್ತಿದ್ದಳು. ಫೆಬ್ರವರಿಯಲ್ಲಿ ಎಲೆನ್ ರಾಡೆಲೋಫ್ ಎಂಬ ಎಂಬತ್ತೆರಡರ ಮುದುಕಿ ಅವಳನ್ನು ಹುಡುಕಿಕೊಂಡು ಬಂದು, ಹಳೆಯ ಕಾಗದಗಳ ಒಂದು ತಗಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಇವನ್ನ ಬರೆದವನು ನಮ್ಮ ವಂಶದ ಹಿರಿಯ. ಪ್ರಷ್ಯ ಅಂತ ಒಂದು ಹಳೇ ಜರ್ಮನ್ ರಾಜ್ಯ, ಅದರ ಕಾಲಾಳು ಪಡೆಯ ಜನರಲ್. ರಣರಂಗದಲ್ಲಿ ಕತ್ತಿ ಹಿಡಿದೇ ಸತ್ತ ಅಂತ ನಮ್ಮ ತಂದೆ ಹೇಳ್ತಿದ್ದರು. ಜುಲೈನಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಬಂಧುಗಳೆಲ್ಲ ಸೇರ್ತೀವಿ. ಅವನ ಕಾಗದಗಳದ್ದು ಒಂದು ಪುಸ್ತಿಕೆ ಮಾಡಿಸಬೇಕು."

ಕೊಕ್ಕೆ ಕೊಕ್ಕೆಯ ಹಳೆಯ ಲಿಪಿ. ಕಣ್ಣು ಪಳಗಲು ಎರಡು ವಾರ ಹಿಡಿಯಿತು. ಎಲ್ಲವೂ ತಂಗಿಗೆ ಬರೆದ ಕಾಗದಗಳು. ಯೋಹಾನ್ ಕಾಸ್ಪರ್ ರಾಡೆಲೋಫ್ ಹದಿನಾಲ್ಕನೆಯ ವಯಸ್ಸಿಗೆ ಬಾವುಟ ಹಿಡಿಯುವವನಾಗಿ ಪಡೆ ಸೇರಿದ್ದ. ದೊಡ್ಡದಾದ ಬೂಟಿಗೆ ಹುಲ್ಲು ತುರುಕಿ ನಡೆದಿದ್ದ. ಮೂವತ್ತೊಂದಕ್ಕೆ ಕ್ಯಾಪ್ಟನ್. ಸೈಲೀಸಿಯ ಪ್ರಾಂತ್ಯದ ಯುದ್ಧದಲ್ಲಿ ಗುಂಡೊಂದು ಕೆನ್ನೆ ಸೀಳಿ ಎಡಗಡೆಯ ಹಲ್ಲುಗಳನ್ನೆಲ್ಲ ಒಯ್ದಿತು. ನಲವತ್ತೇಳಕ್ಕೆ ಜನರಲ್. ಗೆದ್ದ ಯುದ್ಧಗಳ ಬಗ್ಗೆ ಅವನು ಎರಡು ಸಾಲು ಬರೆದರೆ, ಸೈನಿಕರ ಹರಿದ ಬೂಟು, ಬೂಸಲು ಹಿಡಿದ ರೊಟ್ಟಿ, ಕೆಸರು ಇವುಗಳ ಬಗ್ಗೆ ಎರಡು ಪುಟ ಬರೆಯುತ್ತಿದ್ದ. ಪ್ರೇಮಾವತಿಗೆ ಅವನು ಹಿಡಿಸಿದ.

ಏಪ್ರಿಲ್‌ನಲ್ಲಿ ಆ ಕಾಗದ ಸಿಕ್ಕಿತು. ಆಸ್ಟ್ರಿಯದ ಸೆರೆಯಿಂದ, 1760ರಲ್ಲಿ ಬರೆದದ್ದು. ಹಿಂದಿನ ನವೆಂಬರಿನಲ್ಲಿ ಸ್ಯಾಕ್ಸನಿಯ ಒಂದು ಗುಡ್ಡ, ಸುತ್ತ ಆಸ್ಟ್ರಿಯದ ಪಡೆ, ಮೊಣಕಾಲಿನವರೆಗೆ ಹಿಮ. ಎರಡು ಸಾವಿರ ಜನರನ್ನು ಕರೆದುಕೊಂಡು ಗುಡ್ಡ ಹತ್ತಿದ್ದವನಿಗೆ ಎರಡನೆಯ ಬೆಳಗ್ಗೆ ಉಳಿದವರು ಎಂಟುನೂರು.

'ಕತ್ತಿಯನ್ನೂ ಬಾವುಟಗಳನ್ನೂ ನಾನೇ ಒಯ್ದು ಕೊಟ್ಟೆ,' ಎಂದಿತ್ತು ಕಾಗದ. 'ದೊರೆ ನನ್ನನ್ನು ಕ್ಷಮಿಸಲಾರ. ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತೇನೋ ಇಲ್ಲವೋ ತಿಳಿಯದು. ದಿನವೆಲ್ಲ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತೇನೆ.'

ಯುದ್ಧ ಮುಗಿದು ಅವನು ಪ್ರಷ್ಯಕ್ಕೆ ಮರಳಿದ ಮೇಲೆ, ಶರಣಾದದ್ದಕ್ಕೆ ವಿಚಾರಣೆ ನಡೆಯಿತು. ಎರಡು ವರ್ಷ ಕೋಟೆಯಲ್ಲಿ ಬಂಧನ, ಪಡೆಯಿಂದ ವಜಾ. ಆಮೇಲೆ ಒಂದು ಸಣ್ಣ ಊರಿನಲ್ಲಿ ಒಂಬತ್ತು ವರ್ಷ ಬದುಕಿ, ಹಾಸಿಗೆಯ ಮೇಲೆ ಸತ್ತ.

ಭಾನುವಾರ ನಿಕಿತಾ ಫೋನ್ ಮಾಡಿದಳು. "ಊಟ ಆಯ್ತಾ, ನಿದ್ದೆ ಮಾಡ್ತಿದೀಯಾ" ಬಿಟ್ಟರೆ ಪ್ರೇಮಾವತಿ ಬೇರೇನನ್ನೂ ಕೇಳುತ್ತಿರಲಿಲ್ಲ; ಕೇಳಲು ಭಯ. ಆ ದಿನ ಜನರಲ್‌ನ ಕಥೆ ಹೇಳಿದಳು.

"ರೋಡ್ ಓಪನ್ ಇತ್ತಾ, ಅಮ್ಮ?"

"ಇದ್ದದ್ದೇ ಒಂದು ದಾರಿ. ಅದನ್ನೂ ಕ್ಲೋಸ್ ಮಾಡಿದ್ರು."

"ಬುಲೆಟ್ಸ್?"

"ಖಾಲಿ. ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ಐ ಡೋಂಟ್ ನೋ. ನನ್ ಹತ್ರ ಇಪ್ಪತ್ತಾರು ಜನ ಇದಾರೆ. ಗೇಟ್ ದಾಟುವಾಗ ಎವ್ರಿ ಟೈಮ್ ಕೌಂಟ್ ಮಾಡ್ತೀನಿ. ವಾಪಸ್ ಬಂದಾಗ ಅಗೇನ್."

ಹೋಗಿ ಮೂರು ತಿಂಗಳಾದ ಮೇಲೆ ಅವಳು ತನ್ನ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು.

ಅನುವಾದ ಓದಿ ಎಲೆನ್ ಅದನ್ನು ಬಂಧುಗಳಿಗೂ ಕಳಿಸಿದಳು. ಅದಕ್ಕೆ ಕೆರಳಿದವನು ಅವಳ ಅಣ್ಣನ ಮಗ ಕಾರ್ಲ್. ನಿವೃತ್ತ ಕರ್ನಲ್, ಚಾರ್ಲ್ಸ್‌ಟನ್‌ನಲ್ಲಿದ್ದ. ನೇರವಾಗಿ ಪ್ರೇಮಾವತಿಗೇ ಫೋನ್ ಮಾಡಿದ.

"ಆ ಒಂದು ಕಾಗದ ಬಿಟ್ಟುಬಿಡಿ. ಅನುವಾದದಲ್ಲೇ ಏನೋ ತಪ್ಪಾಗಿರಬಹುದು."

"ಇಲ್ಲ. ಮೂರು ಸಲ ನೋಡಿದೀನಿ."

"ನಿಮಗಿದು ಅರ್ಥವಾಗೋದು ಕಷ್ಟ, ಮೇಡಂ. ನಮ್ಮದು ಸೈನಿಕರ ಮನೆ."

"ನಮ್ಮದೂ ಈಗ ಸೈನಿಕರ ಮನೆಯೇ," ಎಂದಳು ಪ್ರೇಮಾವತಿ.

ಜುಲೈನಲ್ಲಿ ಎಲೆನ್ ಅವಳನ್ನೂ ಕರೆದಳು. ಕೇಳದಿದ್ದರೂ ಗುರುಪ್ರಸಾದ್, "ನಾನೇ ಡ್ರೈವ್ ಮಾಡ್ತೀನಿ," ಎಂದು ಒಂಬತ್ತು ಗಂಟೆಯ ದಾರಿಗೆ ಹೊರಟ. ಚರ್ಚಿನ ಹಾಲಿನಲ್ಲಿ ಎಪ್ಪತ್ತು ಜನ ಸೇರಿದ್ದರು. ಊಟಕ್ಕೆ ಮೊದಲು ಎಲೆನ್ ಎದ್ದು ನಿಂತು, "ಇವರು ಒಂದು ಕಾಗದ ಓದ್ತಾರೆ. ಪೂರ್ತಿ ಓದ್ತಾರೆ," ಎಂದಳು.

ಪ್ರೇಮಾವತಿ ಓದಿದಳು. ಬಾವುಟ ಒಪ್ಪಿಸಿದ ಸಾಲಿಗೆ ಬರುವಾಗ ಕಾರ್ಲ್ ಕುರ್ಚಿ ಸರಿಸಿ ಹೊರಗೆ ನಡೆದ. ಅವಳು ನೀರು ಕುಡಿದು ಮುಂದುವರಿಸಿದಳು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲೆನ್ ಪಕ್ಕಕ್ಕೆ ಬಂದು, "ನಮ್ಮ ತಂದೆಗೆ ಗೊತ್ತಿತ್ತು ಅಂತ ಕಾಣುತ್ತೆ. ಅವರಿಗೆ ಜರ್ಮನ್ ಚೆನ್ನಾಗಿ ಬರ್ತಿತ್ತು," ಎಂದಳು.

ಹಿಂದಿರುಗುವಾಗ ನಾರ್ತ್ ಕ್ಯಾರೊಲೈನಾದ ಒಂದು ಪೆಟ್ರೋಲ್ ಬಂಕಿನಲ್ಲಿ ಗುರುಪ್ರಸಾದ್ ಎಂಜಿನ್ ಆರಿಸಿ ಕೂತೇ ಇದ್ದ.

"ನಿಕಿತಾ ಹತ್ರ ಎಷ್ಟು ಜನ ಇದಾರೆ, ಗೊತ್ತಾ ನಿಂಗೆ?"

"ಇಪ್ಪತ್ತಾರು."

"ನಂಗೆ ಹೇಳೇ ಇಲ್ಲ."

"ನೀವು ಕೇಳ್ಲಿಲ್ಲ ರೀ."

ಅವನು ಕನ್ನಡಕ ತೆಗೆದು ಒರೆಸಿದ. ಮುಂದಿನ ಭಾನುವಾರ ಫೋನ್ ರಿಂಗಾದಾಗ ಅವನೇ ಮೊದಲು ಎತ್ತಿಕೊಂಡ.

ಪುಸ್ತಿಕೆ ಆ ಕಾಗದದೊಂದಿಗೇ ಅಚ್ಚಾಯಿತು. ನಿಕಿತಾ ಮರುವರ್ಷದ ಜನವರಿಯಲ್ಲಿ ಮನೆಗೆ ಬಂದಳು, ಕೆನ್ನೆ ಇಳಿದಿತ್ತು. ಮೂರನೆಯ ದಿನ ಸೋಫಾದಲ್ಲಿ ಕೂತು ಪುಸ್ತಿಕೆಯನ್ನು ಒಂದೇ ಉಸಿರಿಗೆ ಓದಿದಳು.

"ಆ ಎಂಟುನೂರು ಜನ ಏನಾದ್ರು, ಅಮ್ಮ? ಮನೆಗೆ ಹೋದ್ರಾ?"

"ಕಾಗದದಲ್ಲಿ ಇಲ್ಲ ಪುಟ್ಟಿ."

"ಯಾರೂ ಚೆಕ್ ಮಾಡಿಲ್ವಾ?" ಅವಳು ಎದ್ದು ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಕೂತ್ಕೋ ಎನ್ನುವ ಮಾತನ್ನು ಪ್ರೇಮಾವತಿ ನುಂಗಿಕೊಂಡಳು.

ಮರುದಿನ ಬೆಳಗ್ಗೆ ತಾಯಿ ಮಗಳು ಇಬ್ಬರೂ ಕೂತು ವಿಯೆನ್ನಾದ ದಾಖಲೆಗಳ ಕಚೇರಿಗೆ, ಆ ಚಳಿಗಾಲದ ಸೆರೆಯಾಳುಗಳ ಪಟ್ಟಿ ಕೇಳಿ ಪತ್ರ ಬರೆದರು. ಏಪ್ರಿಲ್‌ನಲ್ಲಿ ದಪ್ಪ ಲಕೋಟೆ ಬಂತು. ಅದರಲ್ಲಿ ಆ ಎಂಟುನೂರರ ಪೈಕಿ ಸಿಕ್ಕ ಮುನ್ನೂರ ಹನ್ನೊಂದು ಹೆಸರುಗಳು, ಕೆಲವರ ಮುಂದೆ ಊರು, ಕೆಲವರ ಮುಂದೆ ಸತ್ತರೆನ್ನುವ ಬರೀ ಒಂದು ಶಿಲುಬೆಯ ಗುರುತು. ನಿಕಿತಾಗೆ ಲಿಪಿ ಓದಲು ಬರುತ್ತಿರಲಿಲ್ಲ. ಪ್ರೇಮಾವತಿ ಮೊದಲನೆಯ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ತೋರಿಸತೊಡಗಿದಳು.