ಕುಡಿಯದೆ ಇಟ್ಟ ಕಾಫಿ

ಮುಂಬಾಗಿಲಿನ ಗಂಟೆ ಕೇಳಿ ವದಾದ್ ಬಾಗಿಲು ತೆರೆದಳು. ಅಣ್ಣ ಅದೀಬ್ ಈ ಮನೆಗೆ ಯಾವತ್ತೂ ಬರುತ್ತಿದ್ದದ್ದು ಅಡುಗೆಮನೆಯ ಬಾಗಿಲಿನಿಂದ, ಅದೂ ಬಂದವನೇ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತ. ಇವತ್ತು ಕರಿ ಸೂಟು ತೊಟ್ಟು, ಮಸೀದಿಯ ಹಿರಿಯ ಹಾಜಿ ಫಾಯಿಜರನ್ನು ಜೊತೆಗೆ ಕರೆದುಕೊಂಡು, ಬೇರೆಯವರ ಮನೆಗೆ ಬಂದವನಂತೆ ಹಿಮದಲ್ಲಿ ನಿಂತಿದ್ದ.

"ಏನ್ ಮಾವ, ಹೆಣ್ಣು ಕೇಳೋಕೆ ಹೊರಟ ಹಾಗಿದೆ" ಎಂದು ಅವಳ ಮಗ ರಮ್ಜಿ ಸೋಫಾದಿಂದೆದ್ದು ನಕ್ಕ. ಮಾವ ನಗಲಿಲ್ಲ.

ಡೆಟ್ರಾಯಿಟ್ ಪಕ್ಕದ ಈ ಊರಿನಲ್ಲಿ ಅರ್ಧ ಜನ ಲೆಬನಾನಿನ ಹಳ್ಳಿಗಳಿಂದ ಬಂದು ಕಾರು ಕಾರ್ಖಾನೆಯಲ್ಲಿ ಸವೆದವರು. ಆ ಜನರ ಓಟಿನಿಂದಲೇ ರಮ್ಜಿ ನಗರಸಭೆಗೆ ಹೋದದ್ದು. ನಮ್ಮ ತೆರಿಗೆಯ ಹಣದಲ್ಲಿ ಲೆಬನಾನಿನ ಮೇಲೆ ಯುದ್ಧ ಹೂಡಿದ ದೇಶಕ್ಕೆ ಬಾಂಬು ಕಳಿಸಬೇಡಿ ಎಂದು ವಾಷಿಂಗ್ಟನ್ನಿಗೆ ಹೇಳುವ ನಿರ್ಣಯ ನಾಳೆ ನಗರಸಭೆಯಲ್ಲಿ ಮತಕ್ಕೆ ಬರುವುದಿತ್ತು. ಪರ, ವಿರೋಧ ಸರಿಸಮ. ಉಳಿದದ್ದು ರಮ್ಜಿಯ ಕೈಯೊಂದೇ.

ಹೋದ ವಾರ ಇದೇ ವಿಷಯಕ್ಕೆ ಸಭಾಂಗಣ ಸಂತೆಯಾಗಿತ್ತು. ನಮ್ಮ ಬೀದಿಯ ಗುಂಡಿ ಮುಚ್ಚಲು ಯೋಗ್ಯತೆಯಿಲ್ಲ, ನಿಮಗೆ ಲೋಕದ ಯುದ್ಧ ಬೇರೆ ಕೇಡು ಎಂದು ಒಬ್ಬ ಕೂಗಿದ. "ಗುಂಡಿ ಮುಚ್ಚೋ ದುಡ್ಡೇ ಅಲ್ಲಿ ಹೋಗಿ ಗುಂಡಿ ತೋಡ್ತಿರೋದು" ಎಂದು ಹಿಂದಿನಿಂದ ಒಬ್ಬ ನರ್ಸ್ ಹೇಳಿದಳು. ಸೈನ್ಯದಲ್ಲಿ ಮೊಮ್ಮಗನಿದ್ದ ಮುದುಕಿಯೊಬ್ಬಳು, ಸ್ನೇಹಿತ ದೇಶಕ್ಕೆ ಕೊಟ್ಟ ಮಾತು ತಪ್ಪಬಾರದು ಎಂದು ಅತ್ತಳು. ಅವಳ ಅಳುವೂ ಸುಳ್ಳಲ್ಲ. ರಮ್ಜಿ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕೂತ. ಬರುವ ವರ್ಷ ರಾಜ್ಯದ ಶಾಸನಸಭೆಗೆ ಅವನು ನಿಲ್ಲಬೇಕಿತ್ತು. ಪಕ್ಷದ ದೊಡ್ಡವರು ಭುಜ ತಟ್ಟಿ, ಬಾಯಿ ಬಿಗಿಹಿಡಿ ಎಂದಿದ್ದರು.

ವದಾದ್ ಕಾಫಿ ತಂದಳು. ಸಾವಿನ ಮನೆಯಲ್ಲಿ ಕೊಡುವಂಥ ಸಕ್ಕರೆಯಿಲ್ಲದ ಕಾಫಿ. ದಕ್ಷಿಣ ಲೆಬನಾನಿನ ಹಳ್ಳಿಯಲ್ಲಿ ಅವಳ ಮತ್ತು ಅದೀಬನ ಅಕ್ಕ ಸಮೀಹಾ, ಹುಟ್ಟಿದ ಮನೆ ಬಿಟ್ಟು ಬರಲೊಲ್ಲೆ ಎಂದು ಹಟ ಹಿಡಿದು ಕೂತಿದ್ದವಳು, ಅದೇ ಮನೆಯ ಕಲ್ಲುಗಳಡಿ ಸತ್ತಮೇಲೆ ಈ ಮನೆಯಲ್ಲಿ ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ. ವಿಮಾನ ಹಾಕಿದ ಬಾಂಬು ಯಾವ ದೇಶದ್ದೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಅದೀಬ್ ಬಟ್ಟಲನ್ನು ಎತ್ತಿಕೊಂಡ. ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟ. ಹಾಜಿಯವರೂ ಹಾಗೇ ಇಟ್ಟರು.

ಅವರ ಹಳ್ಳಿಗಳ ಪದ್ಧತಿಯಲ್ಲಿ, ಬಂದವನು ಹೀಗೆ ಬಟ್ಟಲು ಇಟ್ಟನೆಂದರೆ ಏನೋ ಕೇಳಲು ಬಂದಿದ್ದಾನೆಂದು ಅರ್ಥ. ಮನೆಯವನು ಆಗಲಿ ಎಂದಮೇಲೆಯೇ ಅವನು ಕುಡಿಯುವುದು. ಮೂರು ವರ್ಷದ ಹಿಂದೆ ರಮ್ಜಿಗೆ ಹೆಣ್ಣು ಕೇಳುವಾಗ ಬಟ್ಟಲು ಇಟ್ಟವನೂ ಇದೇ ಅದೀಬ್. ಹುಡುಗಿಯ ಅಪ್ಪ "ಕುಡೀರಿ, ಅವಳು ನಿಮ್ಮವಳೇ" ಅನ್ನುವವರೆಗೆ ರಮ್ಜಿ ಪಕ್ಕದಲ್ಲಿ ಬೆವರುತ್ತ, ಆ ಬಟ್ಟಲಿನಿಂದ ಕಣ್ಣು ಕೀಳದೆ ಕೂತಿದ್ದ.

"ಇವತ್ತು ಮಾವನಾಗಿ ಬಂದಿಲ್ಲಪ್ಪ, ಕೇಳೋನಾಗಿ ಬಂದಿದೀನಿ" ಎಂದ ಅದೀಬ್. "ನಿಮ್ಮ ನಿರ್ಣಯದಿಂದ ಒಂದು ಬಾಂಬೂ ನಿಲ್ಲಲ್ಲ, ಗೊತ್ತು. ಆದ್ರೆ ಅಕ್ಕನ ಮೇಲೆ ಬಿದ್ದಿದ್ರಲ್ಲಿ ನನ್ನ ಸಂಬಳದ ಪಾಲೂ ಇದೆ. ಅದನ್ನ ಇಟ್ಕೊಂಡು ನಾನು ಹೇಗೆ ಮಲಗಲಿ? ನನ್ನೂರು ಒಂದ್ಸಲ ಬಾಯಿಬಿಟ್ಟು ಬೇಡ ಅನ್ನಲಿ. ನಾಳೆ ಕೈ ಎತ್ತು."

ರಮ್ಜಿ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ದೊಡ್ಡಮ್ಮನ ನೋವು ತನಗೂ ಇದೆ, ಆದರೆ ವಿದೇಶದ ವ್ಯವಹಾರ ನಗರಸಭೆಯದಲ್ಲ. ಶಾಸನಸಭೆಗೆ ಹೋದರೆ ತಾನೇ ಏನಾದರೂ ಮಾಡಲಾದೀತು, ಸ್ವಲ್ಪ ತಾಳ್ಮೆ ಬೇಕು ಎಂದ.

"ಓಟಿಗೆ ಬಂದಾಗ ದೊಡ್ಡಮ್ಮನ ಹಳ್ಳಿ ಹೆಸರು ಹೇಳಿದ್ದೆಯಲ್ಲ ಮಗಾ, ಆಗ ಅದು ವಿದೇಶ ಆಗಿರಲಿಲ್ವಾ?" ಎಂದರು ಹಾಜಿ ಫಾಯಿಜ್, ದನಿ ಏರಿಸದೆ.

ರಮ್ಜಿಯ ಮುಖ ಕೆಂಪಾಯಿತು. ಅವನು ತಾಯಿಯ ಕಡೆ ನೋಡಿದ. ವದಾದ್ ಇಷ್ಟು ದಿನ, ಅವನ ಕಷ್ಟ ಅವನಿಗೆ ಎಂದು ನೆರೆಯವರ ಬಾಯಿ ಮುಚ್ಚಿಸುತ್ತ ಬಂದಿದ್ದಳು. ಮಗನನ್ನು ತಾನಾಗಿ ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳಿಬಿಡುತ್ತಾನೋ ಎಂಬ ಹೆದರಿಕೆ. ಈಗಲೂ ಕೈಯಲ್ಲಿದ್ದ ತಟ್ಟೆಯ ಕಡೆ ಕಣ್ಣು ಇಳಿಸಿದಳು.

ರಮ್ಜಿ ಮೇಜಿನ ಕಡೆ ಬಗ್ಗಿದ.

"ಅಯ್ಯೋ ಮಾವ, ಮಾತಲ್ಲಿ ಕಾಫಿ ಆರೇ ಹೋಯ್ತಲ್ಲ. ಇರಿ, ಬಿಸಿಯಾಗಿ ತರ್ತೀನಿ" ಎಂದು ಎರಡೂ ಬಟ್ಟಲು ಎತ್ತಿಕೊಂಡು ಒಳಗೆ ಹೋದ. ಸಿಂಕಿಗೆ ಕಾಫಿ ಸುರಿದ ಸದ್ದು, ಮೇಲೆ ನಲ್ಲಿ ಬಿಟ್ಟ ಸದ್ದು ಕೂತವರಿಗೆಲ್ಲ ಕೇಳಿಸಿತು.

ಅದೀಬ್ ಬರಿದಾದ ಮೇಜನ್ನು ನೋಡಿದ. "ಗೊತ್ತಿಲ್ಲದೋನಾಗಿದ್ರೆ ಹೇಳಿಕೊಡಬಹುದಿತ್ತು ವದಾದ್" ಎಂದ. ಇಬ್ಬರೂ ಮುದುಕರು ಮುಂಬಾಗಿಲಿನಿಂದಲೇ ಹೊರಟರು. ಅವಳು ತಡೆಯಲಿಲ್ಲ.

ರಮ್ಜಿ ಹಬೆಯಾಡುವ ಬಟ್ಟಲುಗಳನ್ನು ಹಿಡಿದು ಬಂದಾಗ ಮಾವ ಕೂತಿದ್ದ ಕುರ್ಚಿಯಲ್ಲಿ ತಾಯಿ ಕೂತಿದ್ದಳು. ಮನೆಗೆ ಬಂದವರು ಕೂರುವ ಹಾಗೆ, ತಲೆವಸ್ತ್ರವನ್ನು ಸರಿಮಾಡಿಕೊಂಡು.

"ಹೋದ್ರಾ? ಕೋಪ ಮಾಡ್ಕೊಂಡ್ರಾ ಅಮ್ಮ?"

ವದಾದ್ ಕೈಚಾಚಿ ಅವನಿಂದ ಒಂದು ಬಟ್ಟಲು ತೆಗೆದುಕೊಂಡಳು. ತುಟಿಗೆ ತಾಗಿಸದೆ ಮೇಜಿನ ಮೇಲೆ, ಅವನ ಎದುರಿಗೆ ಇಟ್ಟಳು.